ಮಳೆಯನ್ನು ನೋಡಿ ಹೂವನ್ನು ಆರಿಸಬೇಕು

ಬೆಳಗಾವಿ ನಗರಕ್ಕೂ ಖಾನಾಪುರಕ್ಕೂ ನಡುವಿನ ದೂರ ಸುಮಾರು 26 ಕಿ.ಮೀ. ಮಾತ್ರ, ಆದರೂ ಹೂ ಬೆಳೆಯುವವರ ಪಾಲಿಗೆ ಇವೆರಡು ಬೇರೆ ಬೇರೆ ಸೀಮೆಗಳೆಂದೇ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ವರ್ಷಕ್ಕೆ ಸರಾಸರಿ 1,200ರಿಂದ 1,300 ಮಿ.ಮೀ. ಮಳೆಯಾದರೆ, ಖಾನಾಪುರದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸುರಿಯುತ್ತದೆ. ಅದೇ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಂತೂ ಅದು 3,000 ಮಿ.ಮೀ. ಮೀರುತ್ತದೆ. ಯಾವ ಹೂ ಉಳಿಯುತ್ತದೆ, ಯಾವುದು ಬುಡದಲ್ಲೇ ಕೊಳೆಯುತ್ತದೆ ಎಂಬುದನ್ನು ಮಣ್ಣು, ಗೊಬ್ಬರ, ಆರೈಕೆಗಳಿಗಿಂತ ಮೊದಲು ಈ ಮಳೆಯೇ ನಿರ್ಧರಿಸುವುದರಿಂದ, ಹೂದಾನಿಗೂ ದೇವರ ಪೂಜೆಗೂ ಮನೆಯಲ್ಲೇ ಹೂ ಬೆಳೆದುಕೊಳ್ಳಬೇಕೆನ್ನುವವರು ಬೀಜದ ಪೊಟ್ಟಣದ ಮೇಲಿನ ಚಿತ್ರವನ್ನು ನೋಡುವ ಮುನ್ನ ತಮ್ಮೂರಿನ ಮಳೆಯ ಲೆಕ್ಕವನ್ನು ನೋಡಬೇಕಾಗುತ್ತದೆ.

ಕೊಯ್ಯುವುದಕ್ಕೆಂದೇ ಬೆಳೆಸುವ ಹೂದೋಟವು ಅಂಗಳದ ಅಲಂಕಾರದ ತೋಟಕ್ಕಿಂತ ಭಿನ್ನವಾದುದು. ಅಂಗಳದ ಗಿಡದಲ್ಲಿ ಹೂ ಗಿಡದ ಮೇಲೆಯೇ ಅರಳಿ ಬಾಡಬೇಕೆಂಬುದು ಮನೆಯವರ ಇಚ್ಛೆ. ಕೊಯ್ಲಿನ ಮಡಿಯಲ್ಲಾದರೋ ಮೆಂತ್ಯೆಸೊಪ್ಪಿನ ಮಡಿಯಂತೆ ಹದ ಬಂದದ್ದನ್ನು ಮುಲಾಜಿಲ್ಲದೆ ಕತ್ತರಿಸಿಕೊಳ್ಳಬೇಕು, ಮತ್ತು ಕತ್ತರಿಸಿದಷ್ಟೂ ಹೊಸ ಕವಲೊಡೆಯುವ ಗಿಡಗಳಿಗೆ ಅಲ್ಲಿ ಮೊದಲ ಮಣೆ ಸಿಗಬೇಕು. ಆದ್ದರಿಂದ ಇಂಥ ಮಡಿಯನ್ನು ಮನೆಯ ಮುಂದೆ ಮಾಡದೆ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಹಿತ್ತಲಿನಲ್ಲಿ ಸಾಲು ಸಾಲಾಗಿ ಮಾಡುವುದು ಲೇಸು. ತೋಟಗಾರಿಕೆಯ ಪರಿಭಾಷೆಯಲ್ಲಿ ತೊಟ್ಟಿನ ಬಳಿಯೇ ಕಿತ್ತು ಮಾಲೆಗೂ ಪೂಜೆಗೂ ಬಳಸುವವುಗಳನ್ನು ಬಿಡಿ ಹೂಗಳೆಂದೂ, ಉದ್ದನೆಯ ದಂಟಿನ ಸಮೇತ ಕೊಯ್ದು ನೀರಿನಲ್ಲಿ ಇಡುವವುಗಳನ್ನು ಕತ್ತರಿಸಿದ ಹೂಗಳೆಂದೂ ಕರೆಯುತ್ತಾರೆ. ಈ ಭಾಗದ ಮನೆಗಳಿಗೆ ಎರಡೂ ಬೇಕಾಗುವುದರಿಂದ ಎರಡು ಕೆಲಸಕ್ಕೂ ಒದಗುವ ಹೂಗಳನ್ನು ಆರಿಸುವವರು ಕಡಿಮೆ ಜಾಗದಲ್ಲಿ ಹೆಚ್ಚು ಲಾಭ ಪಡೆಯುತ್ತಾರೆ.

ಈ ದೃಷ್ಟಿಯಿಂದ ಬೆಳಗಾವಿ ನಗರದ ಹಿತ್ತಲುಗಳಲ್ಲಿ ಸುಗಂಧರಾಜಕ್ಕೆ ಸಾಟಿಯಾದ ಹೂ ಇನ್ನೊಂದಿಲ್ಲ. ಮೆಕ್ಸಿಕೊ ಮೂಲದ, ಇಲ್ಲಿನ ಮರಾಠಿ ಮನೆಗಳಲ್ಲಿ ನಿಶಿಗಂಧವೆಂದು ಹೆಸರಾದ ಈ ಗಿಡವು ಗೆಡ್ಡೆಯಿಂದ ಬೆಳೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಎರಡೂವರೆ ಸೆಂ.ಮೀ.ಗಿಂತ ದಪ್ಪನೆಯ ಗೆಡ್ಡೆಗಳನ್ನು ಐದಾರು ಸೆಂ.ಮೀ. ಆಳದಲ್ಲಿ ಊರಿದರೆ ಮೂರು ನಾಲ್ಕು ತಿಂಗಳಲ್ಲಿ ಹೂಗೊನೆ ಕಾಣಿಸಿಕೊಳ್ಳುತ್ತದೆ, ಅದೇ ಗೆಡ್ಡೆಗಳು ಎರಡು ಮೂರು ವರ್ಷ ಇಳುವರಿ ಕೊಡುತ್ತವೆ. ಇದರಲ್ಲಿ ಒಂಟಿ ಸುತ್ತಿನ ಎಸಳಿನ ತಳಿಗಳು ಹೆಚ್ಚು ಪರಿಮಳವುಳ್ಳವಾಗಿ ಮಾಲೆಗೆ ಸಲ್ಲುತ್ತವೆ, ಹಲವು ಸುತ್ತಿನ ಎಸಳಿನವು ಹೂದಾನಿಗೆ ಒಪ್ಪುತ್ತವೆ. 1967ರಲ್ಲಿ ಆರಂಭವಾದ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ತಳಿಗಳಲ್ಲಿ ‘ಶೃಂಗಾರ’ ಮತ್ತು ‘ಪ್ರಜ್ವಲ್’ ಮೊದಲ ಬಗೆಯವು, ‘ಸುವಾಸಿನಿ’ ಮತ್ತು ‘ವೈಭವ್’ ಎರಡನೆಯ ಬಗೆಯವು. ಬೇರಿನಲ್ಲಿ ಗಂಟು ಕಟ್ಟಿ ಗಿಡವನ್ನು ಕುಗ್ಗಿಸುವ ಜಂತುಹುಳುವನ್ನು ‘ಶೃಂಗಾರ’ವು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಚೆಂಡುಹೂವಿನ ಬೇರಿನಿಂದ ಹೊರಡುವ ರಾಸಾಯನಿಕವು ಇದೇ ಹುಳುವನ್ನು ಹತ್ತಿಕ್ಕುವುದರಿಂದ, ಒಂದು ಹಂಗಾಮು ಚೆಂಡುಹೂ ಬೆಳೆದ ಮಡಿಯಲ್ಲಿಯೇ ಮುಂದಿನ ಬೇಸಿಗೆಯಲ್ಲಿ ಸುಗಂಧರಾಜವನ್ನು ಊರುವುದು ಖರ್ಚಿಲ್ಲದ ಉಪಾಯ. ಗೊನೆಯ ಕೆಳಗಿನ ಒಂದೆರಡು ಜೋಡಿ ಹೂಗಳು ಬಿರಿದಾಗ ಕತ್ತರಿಸಿದರೆ ಮೇಲಿನ ಮೊಗ್ಗುಗಳು ಒಳಮನೆಯಲ್ಲಿ ದಿನಕ್ಕಿಷ್ಟರಂತೆ ಅರಳುತ್ತ ಹೋಗುತ್ತವೆ.

ಆದರೆ ಇದೇ ಸುಗಂಧರಾಜವನ್ನು ಖಾನಾಪುರದ ಪಶ್ಚಿಮಕ್ಕೆ, ಜಾಂಬೋಟಿಯ ಕಡೆಗೆ, ಸಮತಟ್ಟಾದ ನೆಲದಲ್ಲಿ ಊರುವುದು ಗೆಡ್ಡೆಗಳನ್ನು ಕೈಯಾರೆ ಕಳೆದುಕೊಂಡಂತೆಯೇ. ನೀರು ನಿಂತಲ್ಲಿ ಗೆಡ್ಡೆಗೆ ಗಾಳಿಯಾಡದೆ ಕೊಳೆರೋಗ ಹತ್ತುತ್ತದೆ. ಖಾನಾಪುರವು ಹೆಂಚು–ಮಡಿಕೆಗಳಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿ ನೆಲೆಗೊಂಡಿರುವುದಕ್ಕೆ ಆಸುಪಾಸಿನ ಜಿಗುಟು ಮಣ್ಣೂ ಒಂದು ಕಾರಣ, ಮತ್ತು ಮಡಿಕೆಗೆ ಹೇಳಿಮಾಡಿಸಿದ ಅಂಥ ಮಣ್ಣು ನೀರನ್ನು ಬೇಗ ಬಿಟ್ಟುಕೊಡದೆ ಗೆಡ್ಡೆಗೆ ಶತ್ರುವಾಗುತ್ತದೆ. ತಾಲ್ಲೂಕಿನ ಉಳಿದೆಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಇಳಿದುಹೋಗುತ್ತದಾದರೂ ಸುಣ್ಣದ ಅಂಶವನ್ನು ಮಳೆ ತೊಳೆದುಕೊಂಡು ಹೋಗಿರುವುದರಿಂದ ನೆಲ ಹುಳಿಯಾಗಿರುತ್ತದೆ. ಎರಡಕ್ಕೂ ಪರಿಹಾರವೆಂದರೆ ಒಂದು ಮೀಟರ್ ಅಗಲ, ಒಂದಡಿ ಎತ್ತರದ ಏರುಮಡಿಗಳನ್ನು ಮಾಡಿ, ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ಜಂಬಿಟ್ಟಿಗೆ ಮಣ್ಣಾದರೆ ಮಳೆಗಾಲಕ್ಕೆ ಮೊದಲೇ ಕೃಷಿ ಸುಣ್ಣವನ್ನು ಕೊಡುವುದು.

ಹಾಗಿದ್ದರೂ ಮಳೆಗಾಲವನ್ನು ಎದುರಿಸಿ ನಿಲ್ಲುವುದಕ್ಕಿಂತ ಮಳೆಯನ್ನೇ ಬೇಡುವ ಹೂಗಳನ್ನು ನೆಡುವುದು ಖಾನಾಪುರದವರಿಗೆ ಸುಲಭದ ದಾರಿ. ನೆರೆಯ ಉತ್ತರ ಕನ್ನಡದ ಮಲೆನಾಡಿನಲ್ಲಿ ಡೇರೆ ಹೂವೆಂದು ಮನೆಮಾತಾಗಿರುವ ಡೇಲಿಯಾ ಇವುಗಳಲ್ಲಿ ಮೊದಲನೆಯದು. ಮೆಕ್ಸಿಕೊದ ತಂಪಾದ ಎತ್ತರದ ನಾಡಿನಿಂದ ಬಂದ ಈ ಗಿಡಕ್ಕೆ ಮೋಡ ಮುಸುಕಿದ ತಣ್ಣನೆಯ ಹವೆ ಹಿತವಾಗುವುದರಿಂದ, ಮುಂಗಾರಿನ ಆರಂಭದಲ್ಲಿ ನೆಟ್ಟದ್ದು ಶ್ರಾವಣ–ಭಾದ್ರಪದಗಳ ಹೊತ್ತಿಗೆ, ಪೇಟೆಯಲ್ಲಿ ಹೂವಿನ ಬೆಲೆ ಏರುವ ಕಾಲಕ್ಕೆ ಸರಿಯಾಗಿ, ಅರಳುತ್ತದೆ. ಗೆಡ್ಡೆಯನ್ನು ಬಿಡಿಸುವಾಗ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ಡೇರೆಯ ಕಣ್ಣುಗಳು ಬಟಾಟೆಯಲ್ಲಿರುವಂತೆ ಗೆಡ್ಡೆಯ ಮೈಮೇಲೆ ಇರದೆ ಹಳೆಯ ಕಾಂಡದ ಬುಡದಲ್ಲಿ ಮಾತ್ರ ಇರುತ್ತವಾದ್ದರಿಂದ, ಪ್ರತಿ ಗೆಡ್ಡೆಯೊಂದಿಗೂ ಕಾಂಡದ ಒಂದು ಚೂರು ಅಂಟಿಕೊಂಡಿರುವಂತೆ ಹರಿತವಾದ ಚಾಕುವಿನಿಂದ ಕೊಯ್ಯಬೇಕು, ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ನೀರು ತುಂಬಿದ ಹೂವಿನ ಭಾರಕ್ಕೆ ದಂಟು ಬಾಗುವುದರಿಂದ ನೆಡುವಾಗಲೇ ಊರುಗೋಲು ಕೊಡಬೇಕು. ಮೊಗ್ಗಿನಲ್ಲಿ ಕೊಯ್ದ ಡೇರೆ ನೀರಿನಲ್ಲಿ ಅರಳದ ಕಾರಣ ಮುಕ್ಕಾಲು ಪಾಲು ಬಿರಿದ ಮೇಲೆಯೇ ಕತ್ತರಿಸುವುದು ವಾಡಿಕೆ, ಮತ್ತು ಅದು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಡೇರೆಯಷ್ಟು ಪ್ರಸಿದ್ಧಿಯಿಲ್ಲದಿದ್ದರೂ ಈ ನೆಲದ್ದೇ ಆದ ಅಗ್ನಿಶಿಖೆ, ಅಂದರೆ ಗೌರಿ ಹೂ, ಹೆಚ್ಚಿನ ಗಮನಕ್ಕೆ ಅರ್ಹವಾದುದು. ಎಲೆಯ ತುದಿಯನ್ನೇ ಬಳ್ಳಿಗೈಯಾಗಿ ಸುತ್ತಿಕೊಂಡು ಬೇಲಿಯ ಮೇಲೆ ಹಬ್ಬುವ ಈ ಬಳ್ಳಿ ಮಳೆಗಾಲದಲ್ಲಿ ಚಿಗುರಿ, ಹಳದಿ–ಕೆಂಪು ಎಸಳುಗಳನ್ನು ಹಿಂದಕ್ಕೆ ಮಡಿಸಿಕೊಂಡು ಅರಳುತ್ತದೆ. ಕೊಯ್ದ ಮೇಲೂ ಒಂದು ವಾರದವರೆಗೆ ಕಳೆಗುಂದದ ಇದನ್ನು ಯುರೋಪಿನ ಹೂಪೇಟೆಗಳಲ್ಲಿ ಬೆಲೆಯುಳ್ಳ ಹೂವಾಗಿ ಮಾರುತ್ತಾರೆಂಬುದು ಇಲ್ಲಿನ ಅನೇಕರಿಗೆ ತಿಳಿದಿಲ್ಲ. ಇದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ತೀವ್ರ ವಿಷವಿರುವುದರಿಂದ ಚಿಕ್ಕ ಮಕ್ಕಳೂ ದನಕರುಗಳೂ ಓಡಾಡುವ ಹಿತ್ತಲಿನಲ್ಲಿ ಮಾತ್ರ ಇದನ್ನು ನೆಡಲೇಬಾರದು. ಮರದ ಅರೆನೆರಳು ಇರುವಲ್ಲಿ ಹೆಲಿಕೋನಿಯಾ ಹಾಕಬಹುದು. ಅದರ ಬಣ್ಣದ ದೊನ್ನೆಯಂಥ ಭಾಗಗಳು ಹೂದಾನಿಯಲ್ಲಿ ಹತ್ತು ದಿನ ಹಾಗೆಯೇ ಉಳಿಯುತ್ತವೆ.

ನವರಾತ್ರಿಯ ಹೊತ್ತಿಗೆ ಮಳೆ ಹಿಂದೆಗೆಯುತ್ತಲೇ ಎರಡು ಊರುಗಳ ವ್ಯತ್ಯಾಸ ಕುಗ್ಗುತ್ತದೆ, ಆಗ ತಣ್ಣನೆಯ ರಾತ್ರಿಗಳ ಹೂಗಳಿಗೆ ಕಾಲ ಒದಗುತ್ತದೆ. ಇವುಗಳಲ್ಲಿ ಸೇವಂತಿಗೆಯು ದಿನದ ಬೆಳಕು ಕುಗ್ಗಿ ರಾತ್ರಿ ಬೆಳೆದಂತೆಲ್ಲ ಮೊಗ್ಗೊಡೆಯುವ ಗಿಡವಾದ್ದರಿಂದ, ಜೂನ್–ಜುಲೈನಲ್ಲಿ ತಾಯಿಗಿಡದ ಬುಡದ ಮರಿಗಳನ್ನು ನೆಟ್ಟು, ತಿಂಗಳ ಬಳಿಕ ಕುಡಿ ಚಿವುಟಿದರೆ ಕಾರ್ತಿಕದ ಹೊತ್ತಿಗೆ ಹೂ ಬಿಡುತ್ತದೆ. ದಂಟಿನೊಂದಿಗೆ ಕೊಯ್ದ ಸೇವಂತಿಗೆ ನೀರು ಬದಲಿಸುತ್ತಿದ್ದರೆ ಎರಡು ವಾರ ನಿಲ್ಲುತ್ತದೆ. ಆಸ್ಟರ್ ಹೂವಿನ ಬಗ್ಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಅದು ಬೀಜದಿಂದ ಬೆಳೆದು ಮೂರೂವರೆ–ನಾಲ್ಕು ತಿಂಗಳಲ್ಲಿ ಒಮ್ಮೆಗೇ ಅರಳಿ ಮುಗಿದುಹೋಗುವ ಗಿಡವಾದ್ದರಿಂದ, ಇಡೀ ಪೊಟ್ಟಣವನ್ನು ಒಂದೇ ದಿನ ಬಿತ್ತದೆ, ಆಗಸ್ಟ್ ಕೊನೆಯಿಂದ ಹದಿನೈದಿಪ್ಪತ್ತು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಸಸಿ ಮಾಡಿಕೊಂಡವರಿಗೆ ಚಳಿಗಾಲವಿಡೀ ಹೂ ದೊರೆಯುತ್ತದೆ. ಹೆಸರಘಟ್ಟದ ‘ಕಾಮಿನಿ’, ‘ಪೂರ್ಣಿಮಾ’, ‘ಶಶಾಂಕ್’ ತಳಿಗಳು ಇದಕ್ಕೆ ಯೋಗ್ಯವಾದವು. ಗ್ಲಾಡಿಯೋಲಸ್ ಗೆಡ್ಡೆಗಳನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಊರಬಹುದು. ಗೊನೆ ಕೊಯ್ಯುವಾಗ ಬುಡದಲ್ಲಿ ನಾಲ್ಕೈದು ಎಲೆಗಳನ್ನು ಬಿಡದಿದ್ದರೆ ಮುಂದಿನ ವರ್ಷಕ್ಕೆ ಗೆಡ್ಡೆ ಬಲಿಯುವುದಿಲ್ಲ.

ಹೊಸಬರಿಗೆ ಜೀನಿಯಾಕ್ಕಿಂತ ಧೈರ್ಯ ಕೊಡುವ ಗಿಡವಿಲ್ಲ, ಆದರೆ ಅದನ್ನು ಬೇಗ ಕೊಯ್ದು, ಸಂಜೆಯೊಳಗೆ ತಲೆ ಬಾಗಿಸಿತೆಂದು ಬೇಸರಪಡುವವರೇ ಹೆಚ್ಚು. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿದಾಗ ತಲೆ ತೊನೆದಾಡಿದರೆ ಇನ್ನೂ ಹದ ಬಂದಿಲ್ಲ, ದಂಟು ಕಡ್ಡಿಯಂತೆ ನೇರವಾಗಿ ನಿಂತರೆ ಕತ್ತರಿಸಬಹುದು. ದಸರೆ–ದೀಪಾವಳಿಗೆ ಬೇಕಾದ ಚೆಂಡುಹೂವನ್ನು ಜುಲೈನಲ್ಲಿ ಸೂರಿನಡಿ ಸಸಿ ಮಾಡಿ, ಏರುಮಡಿಯಲ್ಲಿ ನಾಟಿ ಮಾಡಬೇಕು. ಕೋಳಿಜುಟ್ಟಿನ ಹೂವನ್ನು ತಲೆಕೆಳಗಾಗಿ ತೂಗುಹಾಕಿ ಒಣಗಿಸಿಟ್ಟರೆ ಬೇಸಿಗೆಗೂ ಒದಗುತ್ತದೆ. ಹೂವಿನ ನಡುವೆ ಇಡುವ ಹಸಿರಿಗಾಗಿ ಪೇಟೆಯ ಎಲೆಗಳನ್ನು ಕೊಳ್ಳುವ ಬದಲು ಮರುಗ, ಕಾಮಕಸ್ತೂರಿ, ದವನಗಳನ್ನು ಬೆಳೆಸುವುದು ಉತ್ತಮ. ಇದೇ ಜಿಲ್ಲೆಯ ಸವದತ್ತಿ ಯಲ್ಲಮ್ಮನ ಜಾತ್ರೆಗಳಲ್ಲೊಂದು ದವನದ ಹುಣ್ಣಿಮೆಯ ಹೆಸರಿನದೇ ಆಗಿದ್ದು, ನವೆಂಬರಿನಲ್ಲಿ ಬಿತ್ತಿದ ದವನ ಚಳಿಗಾಲದುದ್ದಕ್ಕೂ ಬೆಳೆದು ಪರಿಮಳ ಕೂಡಿಸಿಕೊಳ್ಳುತ್ತದೆ.

ಜರ್ಬೆರಾ, ಕಾರ್ನೇಷನ್‌ಗಳನ್ನು ಮನೆಯ ಮಡಿಗೆ ತರದಿರುವುದೇ ವಿವೇಕ. ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಮಳೆ, ತೇವ, ಉಷ್ಣಗಳನ್ನು ಹಿಡಿತದಲ್ಲಿಟ್ಟು ಬೆಳೆಸುವ ಈ ಹೂಗಳು ತೆರೆದ ಹಿತ್ತಲಿನಲ್ಲಿ, ಅದರಲ್ಲೂ ಖಾನಾಪುರದ ಜುಲೈನಲ್ಲಿ, ಶ್ರಮಕ್ಕೆ ತಕ್ಕ ಫಲ ಕೊಡುವುದಿಲ್ಲ.

ಯಾವ ಹೂವನ್ನೇ ಆರಿಸಿದರೂ ಕೊಯ್ಲನ್ನು ಬಿಸಿಲೇರುವ ಮುನ್ನ, ನೀರು ತುಂಬಿದ ಬಕೆಟ್ಟನ್ನು ಜೊತೆಯಲ್ಲೇ ಒಯ್ದು ಮಾಡಬೇಕು. ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದುಹಾಕಬೇಕು, ಏಕೆಂದರೆ ಕೊಳೆತ ಎಲೆಯಿಂದ ಹೆಚ್ಚುವ ಬ್ಯಾಕ್ಟೀರಿಯಾ ದಂಟಿನ ನೀರುಗೊಳವೆಗಳನ್ನು ಮುಚ್ಚಿಬಿಡುತ್ತದೆ. ಮಾಗುತ್ತಿರುವ ಬಾಳೆಹಣ್ಣು ಎಥಿಲೀನ್ ಅನಿಲವನ್ನು ಬಿಟ್ಟು ಹೂಗಳನ್ನು ಬೇಗ ಮುಪ್ಪಾಗಿಸುವುದರಿಂದ ಹಣ್ಣಿನ ಬುಟ್ಟಿಯನ್ನು ಹೂದಾನಿಯಿಂದ ದೂರವಿಡಬೇಕು. ತಳಿಯ ಗೆಡ್ಡೆ, ಸಸಿಗಳ ವಿಷಯದಲ್ಲಿ ಜಿಲ್ಲೆಯವರು ತೋಟಗಾರಿಕೆ ಇಲಾಖೆಯನ್ನೂ, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವನ್ನೂ ವಿಚಾರಿಸಬಹುದು.

ಖಾನಾಪುರದ ಓದುಗರಲ್ಲಿ ಒಂದು ವಿನಂತಿಯೂ ಇದೆ. ಮುಂಗಾರಿನ ಆರಂಭದಲ್ಲಿ ಕಾಡಿನ ಮರಗಳ ಮೇಲೆ ಸೀತಾಳೆದಂಡೆಯ ಗೊಂಚಲು ಇಳಿಬಿದ್ದಾಗ ಅದನ್ನು ಬುಡಸಮೇತ ಕಿತ್ತು ತರುವ ಆಸೆ ಸಹಜವಾದರೂ, ಆಶ್ರಯ ಮರದಿಂದ ಬೇರ್ಪಟ್ಟ ಈ ಆರ್ಕಿಡ್ ಹಿತ್ತಲಿನಲ್ಲಿ ನೆಲೆಗೊಳ್ಳುವುದು ಅಪರೂಪ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಒಳಗೆ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವೂ ಹೌದು. ಅಗ್ನಿಶಿಖೆಯ ಗೆಡ್ಡೆಯನ್ನೂ ಕಾಡಿನಿಂದ ಅಗೆದು ತರದೆ, ಈಗಾಗಲೇ ಬೆಳೆಸುತ್ತಿರುವವರಿಂದಲೋ ನರ್ಸರಿಯಿಂದಲೋ ಪಡೆದುಕೊಳ್ಳಬೇಕು.