ಹಟ್ಟಿ ಕಾಯುವ ನಾಯಿಗೆ ಚರ್ಮರೋಗ: ಸ್ಪ್ರೇ ಹೊಡೆಯುವ ಮೊದಲು ತಿಳಿದಿರಲಿ

ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ಒಂದು ಮನೆಗೆ ಕೆಚ್ಚಲು ಬಾವಿನ ದನ ನೋಡಲು ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಮನೆಯ ಅಕ್ಕ, "ಡಾಕ್ಟ್ರೇ, ನಮ್ಮ ನಾಯಿಯನ್ನೂ ಒಮ್ಮೆ ನೋಡ್ತೀರಾ?" ಎಂದರು. ಅಂಗಳದ ಮೂಲೆಯಲ್ಲಿ ನಾಯಿ ಜೊಲ್ಲು ಸುರಿಸುತ್ತಾ ನಡುಗುತ್ತಿತ್ತು. ಬೆನ್ನಿನ ಕೂದಲು ಉದುರಿ ಕಜ್ಜಿಯಾಗಿದೆಯೆಂದು, ದನಗಳಿಗೆ ತಂದಿಟ್ಟಿದ್ದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಹೊಡೆದಿದ್ದರು. ನಾಯಿ ಅದನ್ನು ನೆಕ್ಕಿತ್ತು. ಕೂಡಲೇ ಸೋಪು ಹಾಕಿ ತೊಳೆದು ಚಿಕಿತ್ಸೆ ಕೊಟ್ಟದ್ದರಿಂದ ಅದು ಉಳಿಯಿತು. ಕಜ್ಜಿ ಮಾತ್ರ ಹಾಗೆಯೇ ಉಳಿಯಿತು. ಅದಕ್ಕೆ ಕಾರಣ ಉಣುಗು ಅಲ್ಲ, ಶಿಲೀಂಧ್ರವಾಗಿತ್ತು. ಅಷ್ಟರಲ್ಲಿ ಆ ಮನೆಯ ಮಗುವಿನ ತೋಳಿನಲ್ಲೂ ಹುಳುಕಡ್ಡಿ ಕಾಣಿಸಿಕೊಂಡಿತ್ತು.

ನಾಯಿಯ ಚರ್ಮರೋಗಕ್ಕೆ ಒಳ್ಳೆಯ ಸ್ಪ್ರೇಗಳು ಈಗ ಸಿಗುತ್ತವೆ. ಆದರೆ ಯಾವ ರೋಗಕ್ಕೆ ಯಾವ ಸ್ಪ್ರೇ ಎಂದು ತಿಳಿಯದೆ ಹೊಡೆದರೆ ಹಣವೂ ಹಾಳು, ನಾಯಿಗೂ ಕಷ್ಟ.

ಕಾರಣ ಒಂದೇ ಅಲ್ಲ

ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾಯಿಯ ಕೂದಲು ದಿನಗಟ್ಟಲೆ ಒಣಗುವುದಿಲ್ಲ. ಒದ್ದೆ ಚರ್ಮದ ಮೇಲೆ ರೋಗಾಣುಗಳು ಬೇಗ ಬೆಳೆಯುತ್ತವೆ. ಸಾಮಾನ್ಯವಾಗಿ ಕಾಣುವುದು ಇವು:

• ಬ್ಯಾಕ್ಟೀರಿಯಾ ಸೋಂಕು: ಸಣ್ಣ ಕೀವಿನ ಗುಳ್ಳೆಗಳು, ಅವು ಒಡೆದ ಮೇಲೆ ಸುತ್ತ ಸಿಪ್ಪೆ ಏಳುವುದು.
• ಯೀಸ್ಟ್ ಸೋಂಕು: ಕಂಕುಳು, ಕುತ್ತಿಗೆಯ ಅಡಿ, ಬೆರಳ ಸಂದಿಯಲ್ಲಿ ಜಿಡ್ಡು, ಕೆಟ್ಟ ವಾಸನೆ, ಚರ್ಮ ಕಪ್ಪಾಗಿ ದಪ್ಪವಾಗುವುದು.
• ಹುಳುಕಡ್ಡಿ: ಉರುಟಾಗಿ ಕೂದಲು ಉದುರಿದ ಮಚ್ಚೆಗಳು. ಇದು ಮನುಷ್ಯರಿಗೂ ಹರಡುತ್ತದೆ.
• ಕಜ್ಜಿ ನುಸಿ: ಕಿವಿಯ ಅಂಚು, ಮೊಣಕೈಯಲ್ಲಿ ವಿಪರೀತ ತುರಿಕೆ. ನಾಯಿಯನ್ನು ಮುಟ್ಟಿದವರಿಗೂ ತುರಿಕೆಯ ಗುಳ್ಳೆಗಳು ಏಳಬಹುದು.

ಮೊದಲಿನ ಎರಡಕ್ಕೆ, ಸೋಂಕು ಚರ್ಮದ ಮೇಲ್ಪದರದಲ್ಲೇ ಇದ್ದರೆ, ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್, ಅದರ ಜೊತೆ ಶಿಲೀಂಧ್ರಕ್ಕೆ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುತ್ತದೆ. ಸ್ಪ್ರೇಯಿಂದಲೇ ಗುಣವಾದರೆ ಆಂಟಿಬಯೋಟಿಕ್ ಮಾತ್ರೆ ಬೇಕಾಗುವುದಿಲ್ಲ. ಹುಳುಕಡ್ಡಿಗೆ ಸ್ಪ್ರೇ ಒಂದೇ ಸಾಲುವುದು ಕಡಿಮೆ. ಹೆಚ್ಚಾಗಿ ಮಾತ್ರೆಯೂ ಬೇಕು. ಕಜ್ಜಿ ನುಸಿಗೆ ಬೇರೆಯೇ ಔಷಧಿ. ಹಾಗಾಗಿ ಮೊದಲು ಪರೀಕ್ಷೆ. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಗೊತ್ತಾಗುತ್ತದೆ.

ಸ್ಪ್ರೇ ಬಳಸುವ ಕ್ರಮ

1. ನಾಯಿಯನ್ನು ಹಟ್ಟಿಯಿಂದ ದೂರ, ಬೆಳಕಿರುವ ಕಡೆ ಕಟ್ಟಿ. ನೋವಿರುವ ನಾಯಿ ಮನೆಯವರನ್ನೂ ಕಚ್ಚಬಹುದು, ಇನ್ನೊಬ್ಬರು ಹಿಡಿದುಕೊಳ್ಳಲಿ. ಕೈಗೆ ಗ್ಲೌಸ್ ಇರಲಿ.
2. ಗಾಯದ ಸುತ್ತ ಕೂದಲು ದಟ್ಟವಾಗಿದ್ದರೆ ಕತ್ತರಿಸಿ. ಔಷಧಿ ಕೂದಲಿಗಲ್ಲ, ಚರ್ಮಕ್ಕೆ ತಾಗಬೇಕು.
3. ಹಕ್ಕಳೆ, ಕೀವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ.
4. ಬಾಟಲಿ ಕುಲುಕಿ, ಸುಮಾರು ಒಂದು ಗೇಣು ದೂರದಿಂದ ಗಾಯದ ಮೇಲೂ ಅಂಚಿನ ಸುತ್ತಲೂ ಹೊಡೆಯಿರಿ. ಕಣ್ಣು, ಬಾಯಿ, ಕಿವಿಯ ಒಳಗೆ ಹೋಗಬಾರದು. ಮುಖದ ಮೇಲೆ ಗಾಯವಿದ್ದರೆ ಹತ್ತಿಗೆ ಹೊಡೆದು ಹಚ್ಚಿ.
5. ಒಣಗುವವರೆಗೆ, ಅಂದರೆ 10–15 ನಿಮಿಷ, ನೆಕ್ಕಲು ಬಿಡಬೇಡಿ. ಆ ಹೊತ್ತಿನಲ್ಲಿ ಊಟ ಕೊಡಬಹುದು, ಅಥವಾ ತೋಟಕ್ಕೆ ಕರೆದುಕೊಂಡು ಹೋಗಬಹುದು. ಬಿಡದೆ ನೆಕ್ಕುವ ನಾಯಿಗೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್ ಬೇಕು.
6. ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಿದಂತೆ ಮಾಡಿ. ಸಾಮಾನ್ಯವಾಗಿ 2–3 ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ರೋಗ ಮರುಕಳಿಸುತ್ತದೆ.

ಇವನ್ನು ಬಳಸಬೇಡಿ

• ದನದ ಉಣುಗಿನ ಔಷಧಿ: ಇದು ಚರ್ಮದ ಸೋಂಕಿಗೆ ಮದ್ದಲ್ಲ. ಅಳತೆ ತಪ್ಪಿದರೆ ನಾಯಿಗೆ ವಿಷ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಇನ್ನೂ ಅಪಾಯ.
• ಫಿನಾಯಿಲ್, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್: ಚರ್ಮ ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ.
• ಕೆಚ್ಚಲು ಬಾವಿಗೆ ತಂದು ಉಳಿದ ಟ್ಯೂಬ್: ನಾಯಿಯ ಗಾಯಕ್ಕೆ ಹಿಂಡಬೇಡಿ. ಹೀಗೆ ಬಳಸಿದ ಆಂಟಿಬಯೋಟಿಕ್‌ಗೆ ರೋಗಾಣುಗಳು ಒಗ್ಗಿಹೋದರೆ ನಾಳೆ ಬೇಕಾದಾಗ ಅದು ನಾಟುವುದಿಲ್ಲ.
• ಮೆಡಿಕಲ್‌ನಲ್ಲಿ ಕೇಳಿ ತರುವ ತುರಿಕೆಯ ಕ್ರೀಮ್: ಇವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ಅಡಗುತ್ತದೆ, ಹುಳುಕಡ್ಡಿ ಹಬ್ಬುತ್ತದೆ.

ಹಟ್ಟಿಯಲ್ಲಿ ಎಚ್ಚರ

ನಾಯಿಯನ್ನು ಮುಟ್ಟಿದ ಕೈಯಲ್ಲಿ ಹಾಲು ಕರೆಯಬೇಡಿ. ಸೋಪು ಹಾಕಿ ತೊಳೆಯಿರಿ. ನಾಯಿಯನ್ನು ಒರೆಸಿದ ಬಟ್ಟೆ ಕೆಚ್ಚಲಿನ ಹತ್ತಿರ ಬರಬಾರದು. ಹಾಲಿನ ಕ್ಯಾನ್, ಹಿಂಡಿ ಚೀಲದ ಪಕ್ಕ ಸ್ಪ್ರೇ ಹೊಡೆಯಬೇಡಿ. ನಾಯಿಯ ಸ್ಪ್ರೇಯನ್ನು ದನದ ಮೊಲೆತೊಟ್ಟಿಗೆ ಬಳಸಲೇಬೇಡಿ. ಹುಳುಕಡ್ಡಿಯಿರುವ ನಾಯಿ ಕರುಗಳ ಜೊತೆ, ಹಿಂಡಿ ಚೀಲದ ಮೇಲೆ ಮಲಗದಂತೆ ನೋಡಿಕೊಳ್ಳಿ. ಉದುರಿದ ಕೂದಲಿನಲ್ಲಿ ಈ ಶಿಲೀಂಧ್ರ ತಿಂಗಳುಗಟ್ಟಲೆ ಬದುಕಿರುತ್ತದೆ. ನಾಯಿ ಮಲಗಿದ್ದ ಗೋಣಿಯನ್ನು ಸುಟ್ಟುಬಿಡುವುದು ಒಳ್ಳೆಯದು. ಕರುಗಳ ಕಣ್ಣಿನ ಸುತ್ತ, ಮುಖದ ಮೇಲೆ ಬೂದು ಬಣ್ಣದ ಹಕ್ಕಳೆ ಕಂಡರೆ ನಮಗೆ ತಿಳಿಸಿ. ಅದು ಹೆಚ್ಚಾಗಿ ದನಗಳದ್ದೇ ಬೇರೆ ಜಾತಿಯ ಹುಳುಕಡ್ಡಿ. ಅದೂ ಕೈಗೆ ಅಂಟುತ್ತದೆ.

ಯಾವಾಗ ತಡ ಮಾಡಬಾರದು?

ಜ್ವರ, ಊಟ ಬಿಡುವುದು, ಆಳವಾದ ಹುಣ್ಣು, ಹುಳ ಬಿದ್ದ ಗಾಯ, ಮೈಯೆಲ್ಲಾ ಹರಡಿದ ಕಜ್ಜಿ, ಅಥವಾ ಒಂದು ವಾರ ಸ್ಪ್ರೇ ಹೊಡೆದರೂ ಇಳಿಯದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ತುರಿಕೆ ಶುರುವಾಗಿದ್ದರೆ ಅವರು ಚರ್ಮದ ವೈದ್ಯರಿಗೆ ತೋರಿಸಿಕೊಳ್ಳಬೇಕು. ನಾಯಿಯ ಸ್ಪ್ರೇ ಹಚ್ಚಿಕೊಳ್ಳಬಾರದು. ಔಷಧಿ ನೆಕ್ಕಿ ನಾಯಿ ಜೊಲ್ಲು ಸುರಿಸಿದರೆ ಬಾಟಲಿಯನ್ನೂ ಜೊತೆಗೆ ತನ್ನಿ. ಯಾವ ವಿಷ ಎಂದು ಗೊತ್ತಾದರೆ ಚಿಕಿತ್ಸೆ ಸುಲಭ.

ಬೆಳ್ತಂಗಡಿಯ ಆ ನಾಯಿಗೆ ಮಾತ್ರೆ, ಸ್ಪ್ರೇ ಎರಡೂ ಬೇಕಾದವು. ಎರಡು ತಿಂಗಳ ನಂತರ ಹೋದಾಗ ಅದರ ಬೆನ್ನಿನ ಮೇಲೆ ಹೊಸ ಕೂದಲು ಬಂದಿತ್ತು, ಮಗುವಿನ ತೋಳೂ ವಾಸಿಯಾಗಿತ್ತು. ಉಣುಗಿನ ಔಷಧಿಯ ಬಾಟಲಿಯ ಮೇಲೆ ಅಕ್ಕ ದಪ್ಪ ಅಕ್ಷರದಲ್ಲಿ "ದನಕ್ಕೆ ಮಾತ್ರ" ಎಂದು ಚೀಟಿ ಅಂಟಿಸಿದ್ದರು. ನಿಮ್ಮ ಹಟ್ಟಿಯ ಬಾಟಲಿಗೂ ಇಂದೇ ಒಂದು ಚೀಟಿ ಅಂಟಿಸಿ.