ಇಳಿವಯಸ್ಸಿನ ಅಪಸ್ಮಾರ: ಮಿದುಳಿನ ಚಿತ್ರಣವೇಕೆ ಬೇಕು?

ಅಪಸ್ಮಾರ, ಅಂದರೆ ಮೂರ್ಛೆರೋಗವು ಎಳೆಯರಿಗೆ ಮಾತ್ರ ಬರುವ ಕಾಯಿಲೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ 60 ವರ್ಷ ದಾಟಿದ ಬಳಿಕ ಮೊದಲ ಬಾರಿಗೆ ಅದು ತಲೆದೋರುವುದು ಅಪರೂಪವೇನಲ್ಲ.

ಹಿರಿಯರಲ್ಲಿ ಯಾವಾಗಲೂ ಕೈಕಾಲು ಸೆಟೆದು ನಡುಗಬೇಕೆಂದಿಲ್ಲ. ಮಾತನಾಡುತ್ತಿದ್ದವರು ಥಟ್ಟನೆ ಮೌನವಾಗಿ ಶೂನ್ಯದತ್ತ ದಿಟ್ಟಿಸುವುದು, ತುಟಿ ಚಪ್ಪರಿಸುವುದು, ಸೆರಗನ್ನೋ ಪಂಚೆಯನ್ನೋ ಸುಮ್ಮನೆ ಎಳೆದಾಡುವುದು, ಬಳಿಕ ಬಹುಹೊತ್ತು ಗೊಂದಲದಲ್ಲಿರುವುದು ಸಹ ಇದರ ಲಕ್ಷಣಗಳೇ. ಮನೆಯವರು ಇದನ್ನು ಅರಳುಮರಳೆಂದು ಬಗೆದು ಸುಮ್ಮನಾಗುತ್ತಾರೆ. ಚಿಕಿತ್ಸೆ ತಡವಾಗುವುದು ಇಲ್ಲಿಯೇ.

ಈ ವಯಸ್ಸಿನ ಅಪಸ್ಮಾರದ ಹಿಂದೆ ಮಿದುಳಿನ ಬೇರೊಂದು ತೊಂದರೆ ಅಡಗಿರುವ ಸಂಭವ ಹೆಚ್ಚು. ಹಿಂದೆ ಆಗಿಹೋದ ಪಾರ್ಶ್ವವಾಯು ಅವುಗಳಲ್ಲಿ ಮುಖ್ಯವಾದುದು. ತಲೆಗೆ ಬಿದ್ದ ಪೆಟ್ಟು, ಗಡ್ಡೆ, ಸೋಂಕು, ಆಲ್ಝೈಮರ್‌ನಂತಹ ಮರೆವಿನ ರೋಗಗಳೂ ಕಾರಣವಾಗಬಲ್ಲವು. ಆದುದರಿಂದಲೇ ವೈದ್ಯರು ಮಿದುಳಿನ ಚಿತ್ರಣವನ್ನು ಮಾಡಿಸಹೇಳುತ್ತಾರೆ.

1971ರಲ್ಲಿ ಲಂಡನ್ನಿನಲ್ಲಿ ಮೊದಲಿಗೆ ರೋಗಿಯೊಬ್ಬರ ಮಿದುಳನ್ನು ಪರೀಕ್ಷಿಸಿದ ಸಿ.ಟಿ. ಸ್ಕ್ಯಾನ್ ಕ್ಷಕಿರಣಗಳಿಂದ ನಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ತುರ್ತುಸ್ಥಿತಿಯಲ್ಲಿ ರಕ್ತಸ್ರಾವವನ್ನು ಗುರುತಿಸಲು ಇದು ಉಪಯುಕ್ತ. ಎಂ.ಆರ್.ಐ. ಕಾಂತಕ್ಷೇತ್ರವನ್ನು ಬಳಸುತ್ತದೆ, ಸಿ.ಟಿ.ಯ ಕಣ್ತಪ್ಪುವ ಸಣ್ಣ ಕಲೆಗಳನ್ನೂ ತೋರಬಲ್ಲುದು. ಆದರೆ ಬಹುಹೊತ್ತು ಅಲುಗದೆ ಮಲಗಿರಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ ಅಥವಾ ದೇಹದಲ್ಲಿ ಲೋಹವಿದ್ದರೆ ಮುಂಚಿತವಾಗಿ ತಿಳಿಸಲೇಬೇಕು.

ಚಿತ್ರವೇ ಅಂತಿಮ ತೀರ್ಪಲ್ಲವೆಂಬುದನ್ನೂ ಅರಿತಿರಬೇಕು. ಚಿತ್ರ ಸಹಜವಾಗಿದ್ದರೂ ಅಪಸ್ಮಾರವಿರಬಹುದು. ವಯೋಸಹಜ ಕಲೆಗಳು ಕಂಡಮಾತ್ರಕ್ಕೆ ಅವೇ ಕಾರಣವೆನ್ನಲಾಗದು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇ.ಇ.ಜಿ., ರಕ್ತದಲ್ಲಿನ ಸಕ್ಕರೆ ಹಾಗೂ ಸೋಡಿಯಂ ಪರೀಕ್ಷೆ, ಹೃದಯದ ಇ.ಸಿ.ಜಿ. ಇವೆಲ್ಲವೂ ಪೂರಕ. ಎಲ್ಲಕ್ಕಿಂತ ಮಿಗಿಲಾದುದು ಕಣ್ಣಾರೆ ಕಂಡವರ ವಿವರಣೆ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿರಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದಾಗಲಿ, ಬಾಯಿಗೆ ನೀರು ಹಾಕುವುದಾಗಲಿ ಸಲ್ಲದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿ ಮೆತ್ತನೆಯ ಬಟ್ಟೆಯಿರಿಸಿರಿ. ಐದು ನಿಮಿಷ ಮೀರಿದರೆ ಅಥವಾ ಮೊದಲ ಬಾರಿಗೆ ಬಂದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅನೇಕ ಹಿರಿಯರಲ್ಲಿ ಕಡಿಮೆ ಪ್ರಮಾಣದ ಮಾತ್ರೆಯಿಂದಲೇ ಈ ರೋಗ ಹತೋಟಿಗೆ ಬರುತ್ತದೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಅಪಸ್ಮಾರ ಶಾಪವಲ್ಲ, ಮುಚ್ಚಿಡಬೇಕಾದ ಕಳಂಕವೂ ಅಲ್ಲ. ಹೆತ್ತವರ ಬದಲಾದ ನಡೆಯನ್ನು ಮುಪ್ಪೆಂದು ಕಡೆಗಣಿಸದೆ ಸಕಾಲದಲ್ಲಿ ಪರೀಕ್ಷೆ ಮಾಡಿಸುವುದು ಮಕ್ಕಳ ಕರ್ತವ್ಯ.