ಗಂಟು ಕಂಡರೆ ಸ್ತನವನ್ನೇ ತೆಗೆಯಬೇಕೆಂದಿಲ್ಲ



ಕಳೆದ ಕೊಯ್ಲಿನ ದಿನಗಳಲ್ಲಿ ನಮ್ಮ ಸಂಘದ ಸದಸ್ಯರೊಬ್ಬರು ಕಛೇರಿಗೆ ಬಂದು, ಉಳಿದವರೆಲ್ಲ ಎದ್ದು ಹೋಗುವವರೆಗೆ ಕಾದು ಕುಳಿತರು. ಬೆಳೆಸಾಲದ ವಿಚಾರವಿರಬೇಕೆಂದು ನಾವು ಎಣಿಸಿದ್ದೆವು. ವಿಷಯ ಬೇರೆಯೇ ಇತ್ತು. ಅವರ ಪತ್ನಿಯ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಐದು ತಿಂಗಳಾಗಿತ್ತು. "ನೋವಿಲ್ಲ ಸಾರ್. ಆಸ್ಪತ್ರೆಗೆ ಹೋದರೆ ಎದೆಯನ್ನೇ ಕೊಯ್ದು ತೆಗೀತಾರೆ, ನಾನು ಬರೋದಿಲ್ಲ ಅಂತಾಳೆ. ಅಡಿಕೆ ಸುಲಿದು ಮುಗೀಲಿ ಅಂತ ನಾನೂ ಸುಮ್ಮನಿದ್ದೆ" ಎಂದರು. ಆ ದಂಪತಿಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಇಂತಹ ಭಯ ಅವರೊಬ್ಬರ ಮನೆಯದಲ್ಲ.

ಭಯ ಬಂದದ್ದೆಲ್ಲಿಂದ?

ಈ ಭಯಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು 1894ರಲ್ಲಿ ತಮ್ಮ ಶಸ್ತ್ರಕ್ರಿಯೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಇವೆಲ್ಲವನ್ನೂ ಒಟ್ಟಿಗೆ ತೆಗೆಯುವುದು ಅವರ ಕ್ರಮ. ರೋಗವು ಗಂಟಿನಿಂದ ಸುತ್ತಲಿಗೆ ಹಂತಹಂತವಾಗಿ ಹಬ್ಬುತ್ತದೆ, ಆದ್ದರಿಂದ ಹೆಚ್ಚು ತೆಗೆದಷ್ಟೂ ಕ್ಷೇಮ ಎಂಬುದು ಅಂದಿನ ತಿಳುವಳಿಕೆ. ಕಾಂಡಕೊರಕ ಹಿಡಿದ ಕಾಫಿ ಗಿಡವನ್ನು ಕಿತ್ತು ಸುಡುವ ನಮಗೆ ಈ ತರ್ಕ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಎದೆಯ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಕಡಿಮೆಯಾದದ್ದೂ ನಿಜ. ಆದರೆ ಎದೆ ಗುಳಿಬಿದ್ದು, ತೋಳು ಊದಿ, ಭುಜ ಎತ್ತಲಾಗದೆ ಹೆಂಗಸರು ಬಹಳ ಕಷ್ಟಪಟ್ಟರು. ಇದೇ ಕ್ರಮ ಸುಮಾರು ಮುಕ್ಕಾಲು ಶತಮಾನ ನಡೆಯಿತು.

ಸಂಶೋಧನೆ ತೋರಿಸಿದ್ದೇನು?

ಪಿಟ್ಸ್‌ಬರ್ಗಿನ ಡಾ. ಬರ್ನಾರ್ಡ್ ಫಿಷರ್ ಅವರು ಬೇರೆ ರೀತಿ ಯೋಚಿಸಿದರು. ರೋಗದ ಕಣಗಳು ರಕ್ತದ ಮೂಲಕ ಮೊದಲೇ ದೂರ ಹೋಗಿದ್ದರೆ, ಎದೆಯಲ್ಲಿ ಹೆಚ್ಚು ಹೆಚ್ಚು ಕೊಯ್ದು ಫಲವೇನು? ಎರಡು ಗೊಬ್ಬರಗಳ ಗುಣ ತಿಳಿಯಲು ನಾವು ಒಂದೇ ತೋಟದ ಬೇರೆಬೇರೆ ಪಟ್ಟಿಗಳಿಗೆ ಹಾಕಿ ನೋಡುವುದಿಲ್ಲವೆ? ಹಾಗೆಯೇ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ವರ್ಷಾನುಗಟ್ಟಲೆ ಗಮನಿಸಲಾಯಿತು. 1971ರಲ್ಲಿ ಆರಂಭವಾದ ಅವರ ಪರೀಕ್ಷೆಯಲ್ಲಿ, ಸ್ನಾಯುವನ್ನು ತೆಗೆದವರೂ ಉಳಿಸಿಕೊಂಡವರೂ ಬದುಕಿದ ಪ್ರಮಾಣದಲ್ಲಿ 25 ವರ್ಷಗಳ ನಂತರವೂ ವ್ಯತ್ಯಾಸ ಕಾಣಲಿಲ್ಲ.

ಬಳಿಕ 1976ರಲ್ಲಿ, ಗಂಟು ನಾಲ್ಕು ಸೆಂಟಿಮೀಟರ್ ಮೀರದವರಲ್ಲಿ ಗಂಟನ್ನೂ ಅದರ ಅಂಚನ್ನೂ ಮಾತ್ರ ತೆಗೆದು ನೋಡುವ ಪರೀಕ್ಷೆ ಆರಂಭವಾಯಿತು. 1,851 ಮಹಿಳೆಯರ 20 ವರ್ಷಗಳ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಸ್ತನವನ್ನು ಪೂರ್ತಿ ತೆಗೆದವರಿಗೂ ಉಳಿಸಿದವರಿಗೂ ಆಯುಷ್ಯದಲ್ಲಿ ವ್ಯತ್ಯಾಸವಿರಲಿಲ್ಲ. ಇಟಲಿಯ ಮಿಲಾನಿನಲ್ಲಿ ಡಾ. ಉಂಬೆರ್ಟೊ ವೆರೋನೇಸಿ ಅವರು 701 ಮಹಿಳೆಯರಲ್ಲಿ ನಡೆಸಿದ ಪರೀಕ್ಷೆಯ ತೀರ್ಮಾನವೂ ಇದೇ: 20 ವರ್ಷಗಳಲ್ಲಿ ಎಲ್ಲ ಕಾರಣಗಳಿಂದ ತೀರಿಕೊಂಡವರು ಎರಡೂ ಗುಂಪಿನಲ್ಲಿ ನೂರಕ್ಕೆ 41ರ ಆಸುಪಾಸು.

ಇಲ್ಲಿ ಒಂದು ಷರತ್ತನ್ನು ಮರೆಯತಕ್ಕದ್ದಲ್ಲ. ಸ್ತನ ಉಳಿಸಿಕೊಂಡವರು ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಯನ್ನೂ ಪಡೆಯಬೇಕು. ಫಿಷರ್ ಅವರ ಪರೀಕ್ಷೆಯಲ್ಲಿ ವಿಕಿರಣ ಪಡೆದವರಲ್ಲಿ ನೂರಕ್ಕೆ 14 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿದರೆ, ಪಡೆಯದವರಲ್ಲಿ 39 ಮಂದಿಗೆ ಮರುಕಳಿಸಿತು. ಹಿಂದೆ ಐದಾರು ವಾರ ಹಿಡಿಯುತ್ತಿದ್ದ ಈ ಚಿಕಿತ್ಸೆ ಈಗ ಅನೇಕರಿಗೆ ಮೂರು ವಾರಗಳಲ್ಲಿ ಮುಗಿಯುತ್ತದೆ. ಆದರೂ ಪಟ್ಟಣದಲ್ಲಿ ಉಳಿಯುವ ಏರ್ಪಾಡು ಬೇಕು. ಗಂಟು ದೊಡ್ಡದಾಗಿದ್ದರೆ, ಒಂದೇ ಸ್ತನದ ಹಲವು ಕಡೆ ಇದ್ದರೆ ಅಥವಾ ವಿಕಿರಣ ಕೊಡುವಂತಿಲ್ಲವಾದರೆ ಸ್ತನವನ್ನು ತೆಗೆಯಬೇಕಾಗಬಹುದು. ಕೆಲವರಿಗೆ ಮೊದಲು ಔಷಧ ಕೊಟ್ಟು ಗಂಟನ್ನು ಕುಗ್ಗಿಸಿ, ನಂತರ ಸ್ತನ ಉಳಿಸುವುದೂ ಉಂಟು. ಕಂಕುಳಿನಲ್ಲೂ ಈಗ, ಆರಂಭದ ಹಂತದವರಿಗೆ, ಬಣ್ಣ ಹರಿಸಿ ಮೊದಲ ಒಂದೆರಡು ಗ್ರಂಥಿಗಳನ್ನು ಪರೀಕ್ಷಿಸುತ್ತಾರೆ. ಅವು ಶುದ್ಧವಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಇದರಿಂದ ತೋಳು ಊದುವ ಕಾಟ ಬಹಳ ಕಡಿಮೆ.

ನಮ್ಮ ದೇಶದ ಕೆಲಸ

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಮುಂಚಿನ ಹಂತದಲ್ಲೇ ಪತ್ತೆಯಾಯಿತು. 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಈ ರೋಗದಿಂದ ಆಗುವ ಸಾವು ನೂರಕ್ಕೆ 30ರಷ್ಟು ಕಡಿಮೆಯಾಯಿತು. 50ರ ಒಳಗಿನವರಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ. ದುಬಾರಿ ಯಂತ್ರವಿಲ್ಲದೆ, ಬಲ್ಲವರ ಕೈಯಿಂದಲೇ ಇಷ್ಟಾಯಿತೆಂಬುದನ್ನು ಗಮನಿಸಬೇಕು.

ನಾವು ಮಾಡತಕ್ಕದ್ದು

ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಹೊಸ ಗಂಟು, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಿರಿ. ನೋವಿಲ್ಲವೆಂದು ನೆಮ್ಮದಿಯಾಗಿರಬೇಡಿ, ಕ್ಯಾನ್ಸರ್ ಗಂಟು ಮೊದಲಿಗೆ ಹೆಚ್ಚಾಗಿ ನೋಯುವುದಿಲ್ಲ. ಹೆದರಲೂ ಬೇಡಿ, ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಕೈಪರೀಕ್ಷೆ, ಚಿತ್ರ, ನಂತರ ಸೂಜಿ ಪರೀಕ್ಷೆ ಇದು ಸರಿಯಾದ ಕ್ರಮ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತನ್ನು ನಂಬಬೇಡಿ. ಸ್ತನ ಉಳಿಸಬಹುದೆ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿರಿ. ಮನೆಯ ಹೆಂಗಸರಿಗೆ ಹೇಳಿದ್ದನ್ನೇ ನಮ್ಮ ತೋಟದಲ್ಲಿ ಹಣ್ಣು ಬಿಡಿಸುವ ಹೆಣ್ಣಾಳುಗಳಿಗೂ ತಲುಪಿಸಿರಿ. ಆಸ್ಪತ್ರೆಗೆ ಹೋದ ದಿನದ ಕೂಲಿ ಹಿಡಿಯಬೇಡಿ.

ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುತ್ತೇವೆ. ಮಳೆ ಬಿಡಲೆಂದು ಕಾಯುವುದಿಲ್ಲ. ಮನೆಯವರ ವಿಚಾರದಲ್ಲಿ ಮಾತ್ರ ಕೊಯ್ಲು ಮುಗಿಯಲೆನ್ನುತ್ತೇವೆ. ನಮ್ಮ ಆ ಸದಸ್ಯರ ಪತ್ನಿಗೆ ಗಂಟು ಬೆಳೆದಿದ್ದರಿಂದ ಮೊದಲು ಔಷಧ ಆರಂಭಿಸಿದ್ದಾರೆ. ಸ್ತನ ಉಳಿಯುವುದೋ ಇಲ್ಲವೋ ಆಮೇಲೆ ತಿಳಿಯಬೇಕು. "ಮೊದಲೇ ಯಾರಾದರೂ ಹೇಳಿದ್ದರೆ ಬರುತ್ತಿದ್ದೆ" ಎಂದು ಆಕೆ ನಮ್ಮ ಮನೆಯವರಲ್ಲಿ ಹೇಳಿದರಂತೆ. ಆ ಮಾತಿಗಾಗಿಯೇ ಈ ಪುಟವನ್ನು ಬೆಲೆಪಟ್ಟಿಯ ಮುಂದೆ ಹಾಕಿದ್ದೇವೆ. ದಯವಿಟ್ಟು ಮನೆಯಲ್ಲಿ ಓದಿ ಹೇಳಿರಿ.

– ಕಾರ್ಯದರ್ಶಿ